ಅವಳ ಉಪಗ್ರಹ, ನನ್ನ ಬಲೂನು

ನನ್ನ ಹೆಂಡತಿ ಮಾಡಿದ ಪೆಟ್ಟಿಗೆಯೊಂದು ಕೆಲವು ವರ್ಷ ಭೂಮಿಯನ್ನು ಸುತ್ತಿತು. ನಾನು ಮಾಡಿದ ಪೆಟ್ಟಿಗೆಗಳೆಲ್ಲ ಮೇಲೇರಿದ ದಿನವೇ, ಸಂಜೆಯೊಳಗೆ, ಯಾವುದೋ ಹೊಲದಲ್ಲಿ ಬಿದ್ದವು. ಎರಡೂ ಹುಡುಕುತ್ತಿದ್ದದ್ದು ಒಂದನ್ನೇ. ನಮ್ಮ ಸಂಸಾರದ ಆ ವರ್ಷಗಳ ಬಗ್ಗೆ ಹೇಳಬೇಕಾದರೆ ಇಲ್ಲಿಂದಲೇ ಶುರುಮಾಡಬೇಕು.

ತೊಂಬತ್ತರ ದಶಕದ ಆರಂಭ. ಮಲ್ಲೇಶ್ವರದ ಆಚೆಗಿದ್ದ ಒಂದು ಸಂಶೋಧನಾಲಯದಲ್ಲಿ ನಾನು ಕೆಲಸಕ್ಕೆ ಸೇರಿ ಕೆಲವು ವರ್ಷವಾಗಿತ್ತು. ಅವಳು ಎಂಎಸ್ಸಿ ಮುಗಿಸಿ ಹೊಸದಾಗಿ ಬಂದಳು. ಮಲ್ಲೇಶ್ವರದ ಹುಡುಗಿ, ತಂದೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅವಳಿಗೆ ಕೆಲಸ ಕಲಿಸುವ ಜವಾಬ್ದಾರಿ ನನ್ನ ಪಾಲಿಗೆ ಬಿತ್ತು. ಕಣ ಹಾದುಹೋದರೆ ಕ್ಷಣಮಾತ್ರ ಮಿಂಚುವ ಒಂದು ಬಗೆಯ ಪ್ಲಾಸ್ಟಿಕ್ ಹಲಗೆ ಇರುತ್ತದೆ. ಅದಕ್ಕೆ ಬೆಳ್ಳಿಕಾಗದ ಸುತ್ತಿ, ಅದರ ಮೇಲೆ ಕರಿ ಟೇಪು ಸುತ್ತಿ, ಹೊರಗಿನ ಬೆಳಕು ಒಂದಿಷ್ಟೂ ಒಳಗೆ ನುಸುಳದಂತೆ ಮಾಡುವುದು ಹೇಗೆಂದು ತೋರಿಸಿದೆ. ಕತ್ತಲೆ ಕೋಣೆಯಲ್ಲಿ ಟಾರ್ಚು ಹಿಡಿದು ಟೇಪಿನ ಅಂಚುಗಳನ್ನು ಇಬ್ಬರೂ ಪರೀಕ್ಷಿಸುತ್ತಿದ್ದೆವು. ಅವಳು ಸುತ್ತಿದ ಟೇಪಿನಲ್ಲಿ ಸುಕ್ಕೇ ಇರುತ್ತಿರಲಿಲ್ಲ. ಇದನ್ನು ನಾನು ಆಗ ಮೆಚ್ಚಿಕೊಂಡೇ ನೋಡಿದ್ದೆ. ಎರಡು ವರ್ಷವಾಗುವಷ್ಟರಲ್ಲಿ ಎರಡೂ ಮನೆಯವರ ಒಪ್ಪಿಗೆಯಿಂದ ನಮ್ಮ ಮದುವೆಯಾಯಿತು. ಅವಳು ಚಾಮರಾಜಪೇಟೆಯ ನಮ್ಮ ವಠಾರಕ್ಕೆ ಬಂದಳು. ಮನೆಯಲ್ಲಿ ನಾನು, ಅವಳು, ನನ್ನ ಅಮ್ಮ. ಅಮ್ಮ ಕನ್ನಡ ಟೀಚರಾಗಿದ್ದು ರಿಟೈರಾದವರು.

ನಾವು ಹುಡುಕುತ್ತಿದ್ದದ್ದು ಕಾಸ್ಮಿಕ್ ಕಿರಣಗಳನ್ನು. ಕಿರಣ ಎಂಬುದು ಹಳೆಯ ಹೆಸರು. ನಿಜವಾಗಿ ಅವು ಕಣಗಳು. ಎಲ್ಲೋ ದೂರದಲ್ಲಿ ನಕ್ಷತ್ರ ಸಿಡಿದಾಗ ಹೊರಟು, ಎಷ್ಟೋ ಕಾಲ ಅಲೆದು, ಹಗಲು ರಾತ್ರಿ ನಮ್ಮ ಮೇಲೆ ಸುರಿಯುತ್ತಿರುತ್ತವೆ. ಆದರೆ ಮೇಲಿನ ಗಾಳಿಗೆ ಬಡಿದ ಕೂಡಲೇ ಒಡೆದುಹೋಗುತ್ತವೆ. ನೆಲದ ಮೇಲೆ ನಮಗೆ ಸಿಗುವುದು ಬರೀ ಚೂರು. ಒಡೆಯುವುದಕ್ಕೆ ಮೊದಲು ಅವು ಏನಾಗಿದ್ದವು, ಇಂಗಾಲವೋ ಕಬ್ಬಿಣವೋ, ಎಂದು ತಿಳಿಯಬೇಕಾದರೆ ಗಾಳಿಯ ಮೇಲಕ್ಕೆ ಹೋಗಬೇಕು. ನಾನು ಅದಕ್ಕಾಗಿ ಬಲೂನು ಹಾರಿಸುತ್ತಿದ್ದೆ. ಹೈದರಾಬಾದಿನ ಹತ್ತಿರದ ಬಯಲಿನಿಂದ ಬೆಳಿಗ್ಗೆ ಹಾರಿಸಿದ ದೊಡ್ಡ ಪಾಲಿಥೀನ್ ಬಲೂನು ವಿಮಾನಗಳಿಗಿಂತ ಎಷ್ಟೋ ಮೇಲೆ ಹೋಗಿ, ಕೆಲವು ಗಂಟೆ ತೇಲಿ, ಆಮೇಲೆ ಪೆಟ್ಟಿಗೆಯನ್ನು ಪ್ಯಾರಾಚೂಟಿನಲ್ಲಿ ಕೆಳಗೆ ಬಿಡುತ್ತಿತ್ತು. ನಾವು ಲಾರಿಯಲ್ಲಿ ಹುಡುಕಿಕೊಂಡು ಹೋಗುತ್ತಿದ್ದೆವು. ಅಷ್ಟು ಮೇಲೆ ಹೋದರೂ ಅದರ ಮೇಲೆ ಇನ್ನೂ ಒಂದು ತೆಳು ಪದರ ಗಾಳಿ ಉಳಿದಿರುತ್ತದೆ. ಆ ಗಾಳಿಯಲ್ಲಿ ಒಡೆದದ್ದೆಷ್ಟು, ಒಡೆಯದೆ ಬಂದದ್ದೆಷ್ಟು ಎಂದು ಲೆಕ್ಕ ಹಾಕಿ ತೆಗೆಯಬೇಕು. ಆ ಲೆಕ್ಕದಲ್ಲಿ ನಾನು ಹೆಸರು ಮಾಡಿದ್ದೆ. ಬೇರೆ ಊರುಗಳಿಂದ ಜನ ಬರೆದು ಕೇಳುತ್ತಿದ್ದರು.

ಮದುವೆಯಾಗಿ ಒಂದೆರಡು ವರ್ಷಕ್ಕೆ ಆ ಸುದ್ದಿ ಬಂತು. ತಯಾರಾಗುತ್ತಿದ್ದ ಒಂದು ಉಪಗ್ರಹದಲ್ಲಿ ಮೂಲೆಯಲ್ಲೊಂದು ಜಾಗ ಖಾಲಿ ಉಳಿದಿದೆ, ಶೂ ಡಬ್ಬಕ್ಕಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ ಹಿಡಿಯುತ್ತದೆ, ಅದರಲ್ಲಿ ಏನಿಡಬೇಕೆಂದು ಬಲ್ಲವರು ಬರೆದುಕೊಡಿ, ಎಂದು. ಗಾಳಿಯೇ ಇಲ್ಲದ ಜಾಗ. ಕೆಲವು ಗಂಟೆಯಲ್ಲ, ವರ್ಷಗಟ್ಟಲೆ. ಆ ಜಾಗ ನನ್ನದು ಎಂದು ನನಗೆ ಒಂದು ಕ್ಷಣವೂ ಸಂಶಯ ಬರಲಿಲ್ಲ. ನನ್ನ ಬಲೂನಿನ ಡಿಟೆಕ್ಟರನ್ನೇ, ಆ ಪ್ಲಾಸ್ಟಿಕ್ ಹಲಗೆಗಳ ಪೆಟ್ಟಿಗೆಯನ್ನೇ, ಸಣ್ಣದು ಮಾಡಿ ಬರೆದುಕೊಟ್ಟೆ. ನಾನೂ ಒಂದು ಬರೀಲಾ ಎಂದು ಅವಳು ಕೇಳಿದಳು. ಬರಿ, ಅಭ್ಯಾಸ ಆಗುತ್ತೆ ಎಂದೆ. ಅವಳು ಪ್ಲಾಸ್ಟಿಕ್ ಹಲಗೆಯನ್ನೇ ಕೈಬಿಟ್ಟು, ತೆಳ್ಳನೆಯ ಸಿಲಿಕಾನ್ ಬಿಲ್ಲೆಗಳನ್ನು ಒಂದರ ಕೆಳಗೊಂದು ಜೋಡಿಸಿದ ಡಿಟೆಕ್ಟರನ್ನು ಬರೆದಳು. ಕಣ ಒಂದೊಂದು ಬಿಲ್ಲೆಯಲ್ಲೂ ಎಷ್ಟು ಶಕ್ತಿ ಕಳೆದುಕೊಂಡಿತು ಎಂದು ನೋಡಿ ಅದು ಯಾವ ಕಣ ಎಂದು ಹೇಳುವುದು. ಓದಿದಾಗ ಚೆನ್ನಾಗಿದೆ ಅನ್ನಿಸಿತು. ಚಿಕ್ಕದು, ಹಗುರ, ಅಚ್ಚುಕಟ್ಟು. ಅಷ್ಟೇ ಅಂದುಕೊಂಡೆ.

ಅವಳದ್ದು ಆಯ್ಕೆಯಾಯಿತು. ನನಗೆ ಮೊದಲು ಹೇಳಿದವರು ನಮ್ಮ ವಿಭಾಗದ ಮುಖ್ಯಸ್ಥರು. ಒಳ್ಳೆಯ ಮನುಷ್ಯ. ಕೋಣೆಗೆ ಕರೆದು, ಕಾಫಿ ತರಿಸಿ, ಕನ್ನಡಕ ಒರೆಸಿಕೊಳ್ಳುತ್ತಾ, “ನಿಮ್ಮ ಮನೆಗೇ ಬಂತಲ್ಲ, ಬಿಡಿ” ಎಂದರು. ಮುಂದಿನ ನಾಲ್ಕೈದು ವರ್ಷ ಈ ಮಾತನ್ನು ಎಷ್ಟು ಜನ ನನಗೆ ಹೇಳಿದರೋ. ಸಮಾಧಾನವೆಂದೇ ಹೇಳುತ್ತಿದ್ದರು. ಹೇಳಿದಾಗಲೆಲ್ಲ ನಾನು ಹೌದು ಹೌದು ಎಂದು ಮಾತು ಬದಲಿಸುತ್ತಿದ್ದೆ.

ಹೊರಗೆ ಬಂದರೆ ಅವಳು ಕಾರಿಡಾರಿನಲ್ಲಿ ನಿಂತಿದ್ದಳು. ಅವಳಿಗೂ ಆಗಲೇ ಗೊತ್ತಾಗಿತ್ತು.

“ನಿಮ್ಮದೇ ಆಗುತ್ತೆ ಅಂದ್ಕೊಂಡಿದ್ದೆ ರೀ” ಎಂದಳು.

“ನಾನೂ ಹಾಗೇ ಅಂದ್ಕೊಂಡಿದ್ದೆ” ಎಂದೆ.

ಆ ಸಂಜೆ ಸ್ಕೂಟರಿನಲ್ಲಿ ಮನೆಗೆ ಹೊರಟೆವು. ಬಿನ್ನಿಪೇಟೆಯ ಮಿಲ್ಲಿನ ಉದ್ದ ಗೋಡೆ ಬಂದಾಗ ಅವಳು ಹಿಂದಿನಿಂದ, ಅಮ್ಮನಿಗೆ ನೀವು ಹೇಳ್ತೀರಾ, ನಾನು ಹೇಳಲಾ ಎಂದು ಕೇಳಿದಳು. ನೀನೇ ಹೇಳು ಎಂದೆ. ಅಮ್ಮ ಕೇಳಿದ್ದೇ ತಡ ಒಲೆಯ ಮೇಲೆ ಹೆಸರುಬೇಳೆ ಪಾಯಸಕ್ಕಿಟ್ಟರು. ನನ್ನ ಮೊದಲ ಬಲೂನು ಹಾರಿದ ದಿನ ಏನು ಮಾಡಿದ್ದರು ಎಂದು ನೆನಪಿಸಿಕೊಳ್ಳಲು ನೋಡಿದೆ. ಏನೂ ನೆನಪಾಗಲಿಲ್ಲ. ಪಾಯಸ ಎರಡು ಸಲ ಹಾಕಿಸಿಕೊಂಡು ತಿಂದೆ; ಹಾಕಿಸಿಕೊಳ್ಳದಿದ್ದರೆ ಗೊತ್ತಾಗಿಬಿಡುತ್ತದಲ್ಲ ಎಂಬ ಭಯ.

ಹೊಟ್ಟೆಕಿಚ್ಚು ಎಂಬ ಮಾತನ್ನು ನಾನು ಆಗ ಮನಸ್ಸಿನಲ್ಲೂ ಆಡಿಕೊಂಡಿರಲಿಲ್ಲ. ಸುಸ್ತು ಎಂದುಕೊಳ್ಳುತ್ತಿದ್ದೆ, ಗ್ಯಾಸ್ಟ್ರಿಕ್ ಎಂದುಕೊಳ್ಳುತ್ತಿದ್ದೆ. ಬಸವನಗುಡಿಯ ಡಾಕ್ಟರೊಬ್ಬರ ಹತ್ತಿರ ಹೋಗಿ ಮಾತ್ರೆಯನ್ನೂ ಬರೆಸಿಕೊಂಡು ಬಂದಿದ್ದೆ. ಕಾಫಿ ಕಡಿಮೆ ಮಾಡಿ ಎಂದಿದ್ದರು.

ಪೆಟ್ಟಿಗೆ ಕಟ್ಟುವ ಕೆಲಸ ವರ್ಷಗಟ್ಟಲೆ ನಡೆಯಿತು. ಧೂಳಿಲ್ಲದ ಕೋಣೆಯಲ್ಲಿ ಬಿಳಿ ನಿಲುವಂಗಿ, ತಲೆಗೆ ಟೋಪಿ, ಕೈಗೆ ಗ್ಲೌಸು ಹಾಕಿಕೊಂಡು ಮಾಡುವ ಕೆಲಸ. ಮುಖಕ್ಕೆ ಪೌಡರು ಹಚ್ಚುವ ಹಾಗಿಲ್ಲ, ಕುಂಕುಮ ಇಡುವ ಹಾಗಿಲ್ಲ, ಹೂ ಮುಡಿಯುವ ಹಾಗಿಲ್ಲ. ವಠಾರದ ಹೆಂಗಸರು ಬೋಳು ಹಣೆ ನೋಡಿ ಏನೋ ಅಂದಾಗ ಅಮ್ಮ ಮೆಟ್ಟಿಲ ಮೇಲೆ ಕೂತು ಅವರಿಗೆ ಪಾಠ ಮಾಡಿದರು. ಒಂದು ಚಿಟಿಕೆ ಪುಡಿ ಬಿದ್ದರೆ ಬಿಲ್ಲೆ ಹಾಳಾಗುತ್ತೆ, ಆಮೇಲೆ ಆಕಾಶದಲ್ಲಿ ಹೋಗಿ ಒರೆಸೋರು ಯಾರು, ಎಂದು. ಅಡುಗೆಮನೆಯನ್ನು ಅಮ್ಮ ಪೂರ್ತಿ ತಮ್ಮ ಕೈಗೆ ತೆಗೆದುಕೊಂಡರು. ಸೊಸೆ ಮನೆಗೆ ಬಂದ ಕೂಡಲೇ ತಟ್ಟೆ ಹಾಕಿ ಎದುರಿಗೆ ಕೂತು, ಇವತ್ತು ಏನಾಯ್ತು ಎಂದು ಕೇಳುವರು. ಅವಳು ಚಪಾತಿಯನ್ನು ನಾಲ್ಕು ತುಂಡು ಮಾಡಿ ಒಂದರ ಮೇಲೊಂದಿಟ್ಟು, ಇದು ಮೊದಲನೇ ಬಿಲ್ಲೆ, ಇದು ಎರಡನೇದು, ಕಣ ಹೀಗೆ ಬರುತ್ತೆ ಎಂದು ಹಸಿಮೆಣಸಿನಕಾಯಿ ಚುಚ್ಚಿ ತೋರಿಸುವಳು. ಅಮ್ಮ ಕಣ್ಣರಳಿಸಿ ಕೇಳುವರು. ನಾನು ಪಕ್ಕದಲ್ಲಿ ಕೂತು ಹುಳಿ ಕಲಸಿಕೊಳ್ಳುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಪೆಟ್ಟಿಗೆಯೇ ಮಗು ಬಿಡಿ ಎಂದು ಯಾರಾದರೂ ಅಂದರೆ ಮಾತ್ರ ನಮಗಿಬ್ಬರಿಗೂ ಒಟ್ಟಿಗೇ ಸಿಟ್ಟು ಬರುತ್ತಿತ್ತು. ಆ ದಿನಗಳಲ್ಲಿ ನಾವು ಒಟ್ಟಿಗೆ ಮಾಡುತ್ತಿದ್ದದ್ದು ಅದೊಂದೇ ಇರಬೇಕು.

ಅವಳು ತನ್ನ ಲೆಕ್ಕಗಳನ್ನೆಲ್ಲ ನನಗೆ ತೋರಿಸುತ್ತಿದ್ದಳು. ನೀವು ನೋಡಿದರೆ ನನಗೆ ಧೈರ್ಯ ಎನ್ನುವಳು. ನಾನು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪೆನ್ಸಿಲು ಹಿಡಿದು ಸಾಲು ಸಾಲಾಗಿ ನೋಡುತ್ತಿದ್ದೆ. ಬೇರೆ ಯಾರ ಲೆಕ್ಕವನ್ನೂ ಅಷ್ಟು ಶ್ರದ್ಧೆಯಿಂದ ನೋಡಿದವನಲ್ಲ. ಒಂದು ತಪ್ಪು ಸಿಕ್ಕಿದ್ದರೆ ತಿದ್ದಿಕೊಟ್ಟು ದೊಡ್ಡವನಾಗಬಹುದಿತ್ತು. ಸಿಗಲಿಲ್ಲ. ಸರಿ ಇದೆ ಎಂದು ಹೇಳುವಾಗ ನನ್ನ ದನಿ ನನಗೇ ಒಣಗಿದಂತೆ ಕೇಳಿಸುತ್ತಿತ್ತು. ಅವಳು ಥ್ಯಾಂಕ್ಸ್ ಎಂದು ಕಾಗದ ತೆಗೆದುಕೊಂಡು ಹೋಗುವಳು.

ಉಡಾವಣೆಯ ದಿನ ಅವಳು ಸಮುದ್ರದ ದಂಡೆಯ ಕೇಂದ್ರದಲ್ಲಿದ್ದಳು, ನಾನು ಮನೆಯಲ್ಲಿ ಅಮ್ಮನ ಜೊತೆ ಟೀವಿಯ ಮುಂದೆ. ವಠಾರದವರೆಲ್ಲ ನಮ್ಮ ನಡುಮನೆಯಲ್ಲೇ ಸೇರಿದ್ದರು. ಕೆಳಗಿನ ಮನೆಯ ಹಿರಿಯರು, ನಗರ್ತಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸಿ ಮಗನಿಗೆ ಬಿಟ್ಟುಕೊಟ್ಟವರು, ಕುರ್ಚಿ ತಂದು ಎಲ್ಲರಿಗಿಂತ ಮುಂದೆ ಹಾಕಿಕೊಂಡಿದ್ದರು. ರಾಕೆಟ್ಟು ಎದ್ದಿತು. ಸಾಲಾಗಿ ಕೂತ ಎಂಜಿನಿಯರುಗಳನ್ನು ತೋರಿಸುವಾಗ ಮೂಲೆಯಲ್ಲಿ ಅವಳ ಮುಖ ಒಂದು ಕ್ಷಣ ಕಾಣಿಸಿತು. ಅಮ್ಮ ಎದ್ದು ಹೋಗಿ ಟೀವಿಯ ಗಾಜನ್ನು ಮುಟ್ಟಿದರು. ಆಮೇಲೆ ಒಂದು ಹಂತ ಕಳಚಿ ಇನ್ನೊಂದು ಹಂತ ಹೊತ್ತಿಕೊಳ್ಳುವ ನಡುವೆ ಸ್ವಲ್ಪ ಹೊತ್ತು ಏನೂ ಸುದ್ದಿ ಬರುವುದಿಲ್ಲ. ಎಲ್ಲರೂ ಉಸಿರು ಹಿಡಿದಿದ್ದರು. ನಾನೂ ಹಿಡಿದಿದ್ದೆ. ಏನಾಗಲಿ ಎಂದು ಹಿಡಿದಿದ್ದೆನೋ ನನಗೇ ಗೊತ್ತಿಲ್ಲ. ಹೊತ್ತಿಕೊಂಡಿತು. ಚಪ್ಪಾಳೆ ಬಿತ್ತು. ಅಮ್ಮ ಸಕ್ಕರೆ ಹಂಚಿದರು.

ಎಲ್ಲರೂ ಹೋದ ಮೇಲೆ ನಾನು ಕುರ್ಚಿಗಳನ್ನು ಒಳಗಿಡುತ್ತಾ, ನನ್ನ ಬಲೂನಿನ ಬಗ್ಗೆ ಇಷ್ಟು ವರ್ಷದಲ್ಲಿ ನೀನು ಒಂದು ದಿನವೂ ಕೇಳಿದ್ದಿಲ್ಲ ಎಂದುಬಿಟ್ಟೆ. ತಮಾಷೆಯ ದನಿಯಲ್ಲೇ ಹೇಳಿದ್ದು. ಅಮ್ಮನಿಗೆ ತಮಾಷೆ ಅನ್ನಿಸಲಿಲ್ಲ.

“ಮೊದಲು ಕೇಳ್ತಿದ್ದೆ ಕಣೋ. ನೀನೇ, ನಿಂಗೆ ಅರ್ಥ ಆಗಲ್ಲ ಬಿಡಮ್ಮ ಅಂತಿದ್ದೆ. ಅವಳು ಹೇಳ್ತಾಳೆ. ನೀನು ಯಾವತ್ತು ಹೇಳಿದೀಯ?”

ನಾನು ಉಳಿದ ಕುರ್ಚಿಗಳನ್ನೂ ಒಳಗಿಟ್ಟೆ.

ಕೆಲವು ದಿನ ಕಳೆದು ಡಿಟೆಕ್ಟರಿಗೆ ಕರೆಂಟು ಕೊಟ್ಟರು. ಎಣಿಕೆ ಬರಲು ಶುರುವಾಯಿತು. ಅವಳ ಮೊದಲ ಗ್ರಾಫು ನಾನು ನೋಡಿದ್ದು ನಮ್ಮ ಊಟದ ಮೇಜಿನ ಮೇಲೆ. ಇಂಗಾಲದ ದಿಬ್ಬ, ಆಮ್ಲಜನಕದ ದಿಬ್ಬ, ದೂರದಲ್ಲಿ ಪುಟ್ಟದಾಗಿ ಕಬ್ಬಿಣ. ಒಂದಕ್ಕೊಂದು ತಾಗದೆ, ತೊಳೆದಿಟ್ಟ ಹಾಗೆ. ನನ್ನ ಬಲೂನಿನ ಗ್ರಾಫಿನಲ್ಲಿ ಆ ದಿಬ್ಬಗಳು ಒಂದರ ಮೇಲೊಂದು ಬಿದ್ದಿರುತ್ತಿದ್ದವು; ಅವನ್ನು ಬಿಡಿಸುವುದಕ್ಕೇ ನನ್ನ ಯೌವನ ಹೋಗಿತ್ತು. ಚೆನ್ನಾಗಿದೆ ಎಂದೆ. ಇದಕ್ಕಿಂತ ಕಷ್ಟಪಟ್ಟು ನಾನು ಆ ಒಂದು ಶಬ್ದ ಎಂದೂ ಹೇಳಿಲ್ಲ.

ಅಮ್ಮನಿಗೆ ಹೊಸ ಪಾಠ ಸಿಕ್ಕಿತು. ಬ್ರೆಜಿಲ್ ದೇಶದ ಪಕ್ಕದ ಸಮುದ್ರದ ಮೇಲೆ ಭೂಮಿಯ ಕಾಂತಶಕ್ತಿಯ ಬೇಲಿ ತಗ್ಗಾಗಿದೆ, ಬೇಲಿಯಲ್ಲಿ ಸಿಕ್ಕಿಕೊಂಡ ಕಣಗಳು ಅಲ್ಲಿ ಕೆಳಗಿಳಿದು ಕಿಕ್ಕಿರಿದಿರುತ್ತವೆ, ಉಪಗ್ರಹ ಅಲ್ಲಿ ಹಾದುಹೋಗುವಾಗ ಡಿಟೆಕ್ಟರನ್ನು ಆಫ್ ಮಾಡದಿದ್ದರೆ ಅದಕ್ಕೆ ಎಣಿಸಿ ಪೂರೈಸುವುದಿಲ್ಲ. ಅಮ್ಮ ಇದನ್ನು ತರಕಾರಿ ಗಾಡಿಯವನಿಗೂ ಹೇಳಿದ್ದರು. ಅವನು ನನ್ನನ್ನು ಕಂಡರೆ, ಬ್ರೆಜಿಲ್ ದಾಟ್ತಾ ಸಾರ್ ಎಂದು ಕೇಳುವನು.

ಕೆಲವು ಸಂಜೆ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ, ಉಪಗ್ರಹ ಬೆಂಗಳೂರಿನ ಮೇಲೆ ಹಾದುಹೋಗುತ್ತಿತ್ತು. ಯಾವ ದಿನ ಯಾವ ಹೊತ್ತಿಗೆ ಎಂದು ಅವಳು ಮೊದಲೇ ಹೇಳುವಳು. ವಠಾರದವರು ತಾರಸಿಗೆ ಬರುವರು. ಪಶ್ಚಿಮದ ಕಡೆ ಮಸುಕಾದ ಚುಕ್ಕೆಯೊಂದು ಮೂಡಿ, ಅವಸರವಿಲ್ಲದೆ ಮೇಲೇರಿ, ಗಾಂಧಿ ಬಜಾರಿನ ಕಡೆಗೆಲ್ಲೋ ಹೋಗಿ ನೆರಳಿನಲ್ಲಿ ಆರಿಹೋಗುತ್ತಿತ್ತು. ಅಗೋ ನಮ್ಮ ಸೊಸೆ ಪೆಟ್ಟಿಗೆ ಎಂದು ಅಮ್ಮ ಬೆರಳು ತೋರಿಸುವರು. ಒಂದು ಸಂಜೆ ಕೆಳಗಿನ ಮನೆಯ ಹಿರಿಯರು ನನ್ನ ಕಡೆ ತಿರುಗಿ, ನಿಮ್ಮದು ಯಾವಾಗ ಬರುತ್ತೆ ಎಂದು ನಿಜವಾದ ಕುತೂಹಲದಿಂದ ಕೇಳಿದರು. ನನ್ನದು ಬಂದು ಹೋಯ್ತು ಎಂದೆ. ಛೆ, ನೋಡಲಿಲ್ಲವಲ್ಲ ಎಂದು ಅವರು ಪೇಚಾಡಿಕೊಂಡರು. ಅವಳ ಮುಖ ನೋಡಿದೆ. ಅವಳು ಆಕಾಶದಿಂದ ಕಣ್ಣು ತೆಗೆದಿರಲಿಲ್ಲ. ಮದುವೆಯ ಹೊಸದರಲ್ಲಿ ನನ್ನನ್ನು ಒಮ್ಮೆಯೂ ಹಾಗೆ ನೋಡಿದ ನೆನಪಿಲ್ಲ ಎಂದು ಅನ್ನಿಸಿ, ಒಂದು ಲೋಹದ ಡಬ್ಬದ ಮೇಲೂ ನನಗೆ ಮತ್ಸರ ಹುಟ್ಟಿತು.

ಆ ವರ್ಷದ ನನ್ನ ಬಲೂನು ಮೇಲೇರುವಾಗಲೇ ಹರಿದುಹೋಯಿತು. ಹಾಗಾಗುವುದುಂಟು, ಮೇಲೆ ಚಳಿ ಜಾಸ್ತಿ, ಪಾಲಿಥೀನ್ ಗಡುಸಾಗಿ ಸೀಳುತ್ತದೆ. ಆದರೆ ಈ ಸಲ ಪ್ಯಾರಾಚೂಟೂ ಹರಿದ ಬಲೂನಿಗೆ ಸುತ್ತಿಕೊಂಡಿತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಜೋಳದ ಹೊಲದಲ್ಲಿ ಊರಿನ ಜನ ಸೇರಿದ್ದರು. ಪಾಲಿಥೀನನ್ನು ಬಣವೆಗೆ ಹೊದಿಸಲು ಆಗಲೇ ಮಡಿಚಿಟ್ಟುಕೊಂಡಿದ್ದರು. ನನ್ನ ಪೆಟ್ಟಿಗೆ ಅರ್ಧ ಮಣ್ಣಿನಲ್ಲಿ ಹೂತಿತ್ತು. ಒಡೆದ ಹಲಗೆ, ಹಲಗೆಯ ಮಿಂಚನ್ನು ಹಿಡಿಯುವ ಗಾಜಿನ ಕೊಳವೆಯ ಚೂರು, ವೈರು, ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಕೊಂಡೆ. ಅದನ್ನು ಸಂಶೋಧನಾಲಯಕ್ಕೆ ಒಯ್ಯಲು ಮನಸ್ಸಾಗದೆ ನೇರ ಮನೆಗೆ ತಂದು ನಡುಮನೆಯ ಮೂಲೆಯಲ್ಲಿಟ್ಟೆ.

ಸ್ನಾನ ಮಾಡಿ ಬಂದು ನೋಡಿದರೆ ಅವಳು ನೆಲದ ಮೇಲೆ ಹಳೆಯ ಸೀರೆ ಹಾಸಿ, ಚೀಲ ಸುರಿದು, ಚೂರುಗಳನ್ನು ಆರಿಸುತ್ತಾ ಕೂತಿದ್ದಳು. ಉಳಿದದ್ದು ಒಂದು ಕಡೆ, ಹಾಳಾದದ್ದು ಒಂದು ಕಡೆ. ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಸಮಾಧಾನ. ನನಗೆ ಅದೇ ಸಹಿಸಲಾಗಲಿಲ್ಲ.

“ಅದನ್ನ ಮುಟ್ಟಬೇಡ” ಎಂದೆ.

“ಇದು ಸರಿಯಾಗಿದೆ ರೀ, ನೋಡಿ. ಈ ಹಲಗೆಗೆ ಏನೂ ಆಗಿಲ್ಲ.”

“ಮುಟ್ಟಬೇಡ ಅಂದೆ. ನಿಂದು ಮೇಲಿದೆಯಲ್ಲ, ಅದನ್ನ ನೋಡ್ಕೋ ಹೋಗು.”

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದವರು ಹಾಗೇ ಒಳಗೆ ಹೋದರು. ಅವಳು ಕೈಯಲ್ಲಿದ್ದ ಹಲಗೆಯನ್ನು ಕೆಳಗಿಡಲಿಲ್ಲ.

“ನಿಮಗೆ ಹೊಟ್ಟೆಕಿಚ್ಚು ಅಂತ ನಂಗೆ ಗೊತ್ತಿಲ್ವಾ” ಎಂದಳು, ದನಿ ಏರಿಸದೆ. “ಕಾರಿಡಾರಲ್ಲಿ ನಿಂತಿದ್ದ ದಿನದಿಂದ ಗೊತ್ತು. ನಂಗೂ ಇದೆ, ಅದು ನಿಮಗೆ ಗೊತ್ತಾ?”

ನಿನಗೇನಿದೆ ಹೊಟ್ಟೆಕಿಚ್ಚು ಪಡಲು ಎಂದು ಕೇಳಿದೆ.

“ನಿಮ್ಮದು ಬಿದ್ರೂ ಮನೆಗೆ ಬರುತ್ತೆ. ಬಿಚ್ಚಿ ನೋಡ್ತೀರಿ, ಎಲ್ಲಿ ಕೆಟ್ಟಿತು ಅಂತ ಗೊತ್ತಾಗುತ್ತೆ, ಇನ್ನೊಂದು ಕಟ್ತೀರಿ. ನಂದು ಎರಡನೇ ಬಿಲ್ಲೆ ಕೆಟ್ಟು ಎಷ್ಟೋ ವಾರ ಆಯ್ತು. ಸುಮ್ಸುಮ್ನೆ ಎಣಿಸ್ತಾ ಇದೆ. ಯಾಕೆ ಅಂತ ಗೊತ್ತಿಲ್ಲ. ಕೈ ಹಾಕೋಕೆ ಆಗಲ್ಲ. ತಾರಸಿ ಮೇಲೆ ನಿಂತು ನೋಡ್ತೀನಿ, ಅಷ್ಟೇ.”

ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ, ಮುಖ್ಯಸ್ಥರಿಗೂ. ತಾರಸಿಯ ಮೇಲೆ ಅವಳ ಮುಖದಲ್ಲಿ ನಾನು ಕಂಡದ್ದು ಈ ಚಿಂತೆಯನ್ನೇ. ಅದನ್ನು ಪ್ರೀತಿಯೆಂದುಕೊಂಡು ಉರಿದುಹೋಗಿದ್ದೆ. ನಾನೂ ಕೆಳಗೆ ಕೂತು ವೈರುಗಳನ್ನು ಬಿಡಿಸತೊಡಗಿದೆ. ಬಿಲ್ಲೆ ಯಾವ ಥರ ಕೆಟ್ಟಿದೆ, ಬಿಸಿಲಿನ ಕಡೆ ತಿರುಗಿದಾಗ ಹೆಚ್ಚಾಗುತ್ತದೋ ಹೇಗೆ ಎಂದು ಕೇಳಿದೆ. ಹೆಚ್ಚಾಗುತ್ತದೆ ಎಂದಳು. ಅಂದಿನಿಂದ ಆ ಬಿಲ್ಲೆಯ ಮಾತು ನಮ್ಮಿಬ್ಬರದ್ದಾಯಿತು. ಬಿಲ್ಲೆ ಮಾತ್ರ ಸರಿಹೋಗಲಿಲ್ಲ. ಕೊನೆಗೆ ಅವಳು ಅದನ್ನು ಆಫ್ ಮಾಡಿಸಿ, ಉಳಿದ ಬಿಲ್ಲೆಗಳಿಂದಲೇ ಕೆಲಸ ನಡೆಸುವುದೆಂದು ತೀರ್ಮಾನಿಸಿದಳು. ಗ್ರಾಫಿನ ದಿಬ್ಬಗಳು ಸ್ವಲ್ಪ ಅಗಲವಾದವು. ಮೊದಲಿನ ತಿಂಗಳುಗಳ ಚೆಲುವು ಮತ್ತೆ ಬರಲಿಲ್ಲ.

ಇದರಿಂದ ನನ್ನ ಹೊಟ್ಟೆಕಿಚ್ಚು ಆರಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆಸರಿಟ್ಟು ಕರೆದದ್ದರಿಂದ ಅದರ ಜೊತೆ ಒಂದೇ ಮನೆಯಲ್ಲಿ ಇರುವುದು ಸ್ವಲ್ಪ ಸುಲಭವಾಯಿತು. ಗ್ಯಾಸ್ಟ್ರಿಕ್ ಮಾತ್ರೆ ಬಿಟ್ಟೆ.

ನನ್ನ ಪೆಟ್ಟಿಗೆಯನ್ನು ಮತ್ತೆ ಕಟ್ಟಿದೆ. ಮುಂದಿನ ಸಲ ಬಲೂನು ನಿಧಾನವಾಗಿ, ಯಾವ ತೊಂದರೆಯೂ ಇಲ್ಲದೆ ಏರಿತು, ಬಹಳ ಹೊತ್ತು ತೇಲಿತು. ಅಷ್ಟು ಒಳ್ಳೆಯ ಹಾರಾಟ ನನಗೆ ಮೊದಲು ಸಿಕ್ಕಿರಲಿಲ್ಲ. ಆಗ ಒಂದು ತಕರಾರು ಹುಟ್ಟಿಕೊಂಡಿತು. ಅವಳ ಪೆಟ್ಟಿಗೆ ಹೈದರಾಬಾದಿನ ನೇರಕ್ಕೆ ಹಾದುಹೋಗುವಾಗ ಎಣಿಸಿದ್ದಕ್ಕೂ ನನ್ನ ಬಲೂನು ಎಣಿಸಿದ್ದಕ್ಕೂ ತಾಳೆಯಾಗಬೇಕಿತ್ತು. ಭಾರದ ಕಣಗಳಲ್ಲಿ ತಾಳೆಯಾಯಿತು. ಬೋರಾನ್ ಮುಂತಾದ ಹಗುರ ಕಣಗಳಲ್ಲಿ ನನ್ನ ಸಂಖ್ಯೆ ಅವಳದ್ದಕ್ಕಿಂತ ಜಾಸ್ತಿ ಬರುತ್ತಿತ್ತು. ಇಬ್ಬರಲ್ಲಿ ಒಬ್ಬರದ್ದು ತಪ್ಪು.

ಅವಳದ್ದೇ ತಪ್ಪಿರಬೇಕು ಎಂದು ನಾನು ಹೇಳಿದೆ. ಕೆಟ್ಟ ಬಿಲ್ಲೆ ಇರುವ ಡಿಟೆಕ್ಟರು. ಕೆಡುವುದಕ್ಕೆ ಮೊದಲಿನ ಎಣಿಕೆಯೂ ಇಷ್ಟೇ ಇತ್ತು ಎಂದು ಅವಳು ತೋರಿಸಿದಳು. ಹಾಗಾದರೆ ನಿನ್ನ ಪೆಟ್ಟಿಗೆಯ ಮೇಲಿನ ಕಿಟಕಿ, ಕಣ ಒಳಬರುವ ಆ ಲೋಹದ ಹಾಳೆ, ದಪ್ಪವಾಗಿ ಹಗುರ ಕಣಗಳನ್ನು ತಡೆಯುತ್ತಿದೆ ಎಂದೆ. ಕೂದಲಿಗಿಂತ ತೆಳ್ಳಗಿದೆ ಎಂದಳು. ಇದು ತಿಂಗಳುಗಟ್ಟಲೆ ನಡೆಯಿತು. ಊಟ ಮಾಡುವಾಗ, ಸ್ಕೂಟರಿನಲ್ಲಿ, ಅಕ್ಕಿಪೇಟೆಯಲ್ಲಿ ಅಕ್ಕಿ ಆರಿಸುವಾಗ ಕೂಡ. ಅಂಗಡಿಯವನು ಸೋನಾ ಮಸೂರಿ ಬಗ್ಗೆ ಜಗಳವೆಂದು ತಿಳಿದು ಇನ್ನೊಂದು ಚೀಲ ಬಿಚ್ಚಿ ತೋರಿಸಿದ್ದ.

ಉತ್ತರ ಸಿಕ್ಕಿದ್ದು ನನಗೇ. ಆ ಸಲ ಬಲೂನು ನಿಧಾನವಾಗಿ ಏರಿದ್ದರಿಂದ, ಏರುವಾಗಿನ ಎಣಿಕೆಯೂ ಚೆನ್ನಾಗಿ ಬಂದಿತ್ತು. ಹಿಂದಿನ ಹಾರಾಟಗಳಲ್ಲಿ ಆ ಭಾಗವನ್ನು ನಾನು ಸರಿಯಾಗಿ ನೋಡುತ್ತಲೇ ಇರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅದನ್ನು ಎತ್ತರಕ್ಕೆ ತಕ್ಕಂತೆ ಗ್ರಾಫಿನ ಮೇಲೆ ಗುರುತು ಹಾಕುತ್ತಾ ಹೋದೆ. ತಲೆಯ ಮೇಲಿನ ಗಾಳಿ ಕಡಿಮೆಯಾಗುತ್ತಾ ಹೋದ ಹಾಗೆ ಹಗುರ ಕಣಗಳೂ ಕಡಿಮೆಯಾಗುತ್ತಿದ್ದವು, ನಾನು ಇಷ್ಟು ವರ್ಷ ಲೆಕ್ಕದಲ್ಲಿ ಹಿಡಿದದ್ದಕ್ಕಿಂತ ಬೇಗ. ಗಾಳಿ ಪೂರ್ತಿ ಇಲ್ಲದಿದ್ದರೆ ಎಷ್ಟಿರುತ್ತಿತ್ತು ಎಂದು ಗೆರೆಯನ್ನು ಮುಂದಕ್ಕೆ ಎಳೆದೆ. ಗೆರೆ ಹೋಗಿ ಸೇರಿದ್ದು ಅವಳ ಸಂಖ್ಯೆಗೆ.

ಅರ್ಥ ಸ್ಪಷ್ಟವಾಗಿತ್ತು. ಭಾರದ ಕಣಗಳು ನನ್ನ ಬಲೂನಿನ ಮೇಲಿನ ಗಾಳಿಗೆ ಬಡಿದು ಒಡೆದಾಗ ಹುಟ್ಟಿದ ಚೂರುಗಳನ್ನು ನಾನು ನಕ್ಷತ್ರದಿಂದ ಬಂದವು ಎಂದು ಎಣಿಸಿದ್ದೆ. ಒಂದು ಹಾರಾಟದಲ್ಲಲ್ಲ, ಎಲ್ಲ ಹಾರಾಟಗಳಲ್ಲೂ. ನನಗೆ ಹೆಸರು ತಂದಿದ್ದ ಲೆಕ್ಕವೇ ಅದು.

ಎದುರಿನ ಮನೆಯ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟ್ರಿ ಬರುತ್ತಿತ್ತು. ಅವಳು ಒಳಗೆ ಬಟ್ಟೆ ಮಡಿಸುತ್ತಿದ್ದಳು. ನಾನು ಕೂತಲ್ಲಿಂದಲೇ ಕರೆದೆ.

“ನಿಂದೇ ಸರಿ” ಎಂದೆ.

ಅವಳು ಬಂದು ಗ್ರಾಫು ನೋಡಿದಳು. ಬಹಳ ಹೊತ್ತು ನೋಡಿದಳು. ಗೆದ್ದ ಭಾವ ಮುಖದಲ್ಲಿ ಕಂಡಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವಳು ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡು ಒಂದು ಗುರುತನ್ನು ತೋರಿಸಿ, ಇದು ಯಾವ ಎತ್ತರದ್ದು ಎಂದು ಕೇಳಿದಳು. ಹೇಳಿದೆ.

“ಇಷ್ಟು ಚೆನ್ನಾಗಿ ಏರಿದ್ದನ್ನ ನಾನು ನೋಡಬೇಕಿತ್ತು” ಎಂದಳು.

ಹಿಂದಿನ ಹಾರಾಟಗಳ ಲೆಕ್ಕವನ್ನೆಲ್ಲ ಮತ್ತೆ ಮಾಡಿದೆ. ಒಂದು ವರ್ಷ ಹಿಡಿಯಿತು. ನನ್ನ ಹೆಸರಿನಲ್ಲೇ ತಿದ್ದುಪಡಿಯನ್ನು ಪ್ರಕಟಿಸಿದೆ. ಮೊದಲು ಬರೆದು ಕೇಳುತ್ತಿದ್ದವರೇ ಆಮೇಲೂ ಬರೆದರು. ಕೆಲವರು ಪ್ರಾಮಾಣಿಕತೆಯನ್ನು ಹೊಗಳಿದರು. ಹೊಗಳಿಕೆಯಲ್ಲಿ ಅಷ್ಟು ರುಚಿಯಿಲ್ಲದ್ದು ಇನ್ನೊಂದಿಲ್ಲ. ಅವಳ ಲೇಖನ ಬಂದಾಗ ಅದರಲ್ಲಿ ನನ್ನ ಗ್ರಾಫೂ ಇತ್ತು, ಅವಳ ಹೆಸರಿನ ಪಕ್ಕ ನನ್ನ ಹೆಸರೂ ಇತ್ತು. ಅಮ್ಮ ಅದನ್ನು ತರಿಸಿಕೊಂಡು, ಇಂಗ್ಲಿಷಿನ ಆ ಲೇಖನ ಅರ್ಥವಾಗದಿದ್ದರೂ, ಎರಡು ಹೆಸರುಗಳ ಮೇಲೆ ಬೆರಳಾಡಿಸಿ ನೋಡಿದರು. ಯಾರದ್ದು ಮೊದಲಿದೆ ಎಂದು ಕೇಳಲಿಲ್ಲ. ಕೇಳದೆಯೇ ನೋಡಿಕೊಂಡರು ಎಂದು ನನಗೆ ಗೊತ್ತು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಉಪಗ್ರಹದ ಬ್ಯಾಟರಿ ಸೋತಿತು. ಪೆಟ್ಟಿಗೆಗೆ ಕೊನೆಯ ಆದೇಶ ಕಳಿಸಿ ಆಫ್ ಮಾಡಿದ ದಿನ ಅವಳು ಬೇಗ ಮನೆಗೆ ಬಂದಳು. ಅಮ್ಮನ ಪಕ್ಕ ಕೂತು ಅವರೆಕಾಯಿ ಸುಲಿದಳು. ಅಮ್ಮ ಒಮ್ಮೆ, ಇನ್ನು ಬ್ರೆಜಿಲ್ ಚಿಂತೆ ಇಲ್ಲ ಬಿಡು ಎಂದರು. ಅವಳು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬಾಗಿಲಲ್ಲಿ ನಿಂತಿದ್ದೆ. ಇಷ್ಟು ವರ್ಷ ಯಾವುದು ಆರಿಹೋದರೆ ನನಗೆ ಹಗುರವಾಗುತ್ತದೆ ಎಂದುಕೊಂಡಿದ್ದೆನೋ ಅದು ಆರಿತ್ತು. ಹಗುರವೇನೂ ಆಗಲಿಲ್ಲ.

ಅದಾಗಿ ಸ್ವಲ್ಪ ಕಾಲಕ್ಕೆ ಇನ್ನೊಂದು ಉಪಗ್ರಹದಲ್ಲಿ ಜಾಗವಿದೆ ಎಂದು ಸುದ್ದಿ ಬಂತು. ಈ ಸಲ ದೊಡ್ಡ ಜಾಗ. ಇಬ್ಬರೂ ಬರೆಯಲು ಕೂತೆವು. ಒಟ್ಟಿಗೆ ಬರೆಯೋಣ ಎಂದು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಊಟದ ಮೇಜಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು. ಅವಳು ಎಡಗೈಯನ್ನು ಕಾಗದಕ್ಕೆ ಮರೆಯಾಗಿ ಇಟ್ಟುಕೊಂಡಿದ್ದಳು. ನಾನೂ ಹಾಗೆಯೇ ಇಟ್ಟುಕೊಂಡಿದ್ದೇನೆ ಎಂದು ಅಮ್ಮ ಕಾಫಿ ತಂದಿಟ್ಟಾಗ ಗೊತ್ತಾಯಿತು.

ಇಬ್ಬರದ್ದೂ ಆಯ್ಕೆಯಾಗಲಿಲ್ಲ. ನಮ್ಮ ವಿಭಾಗಕ್ಕೆ ಆಗಷ್ಟೇ ಸೇರಿದ್ದ, ನಮಗಿಂತ ಎಷ್ಟೋ ಚಿಕ್ಕವಳಾದ ಒಬ್ಬ ಹುಡುಗಿಯದ್ದಾಯಿತು. ನನ್ನ ಹೆಂಡತಿಯೇ ಅವಳಿಗೆ ಬಿಲ್ಲೆಗಳ ಕೆಲಸ ಕಲಿಸಿದ್ದಳು. ಕಣ ಬಂದ ದಿಕ್ಕನ್ನೂ ಹೇಳಬಲ್ಲ ಡಿಟೆಕ್ಟರು ಅದು, ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮುಖ್ಯಸ್ಥರು ಬದಲಾಗಿದ್ದರು. ಹೊಸಬರು ನಮ್ಮಿಬ್ಬರನ್ನೂ ಒಟ್ಟಿಗೇ ಕರೆದು ಸುದ್ದಿ ಹೇಳಿದರು. ನಾವು ಆ ಹುಡುಗಿಯ ಮೇಜಿಗೆ ಹೋಗಿ ಕೈಕುಲುಕಿದೆವು. ಹುಡುಗಿ ಎದ್ದು ನಿಂತು, ನಿಮ್ಮಲ್ಲಿ ಒಬ್ಬರದ್ದು ಆಗುತ್ತೆ ಅಂದ್ಕೊಂಡಿದ್ದೆ ಮೇಡಂ ಎಂದಳು.

ಸಂಜೆ ನಾವು ನೇರ ಮನೆಗೆ ಹೋಗಲಿಲ್ಲ. ಗಾಂಧಿ ಬಜಾರಿನಲ್ಲಿ ಸ್ಕೂಟರು ನಿಲ್ಲಿಸಿ, ಹೋಟೆಲಿನಲ್ಲಿ ಮೂಲೆಯ ಮೇಜು ಹಿಡಿದು ಮಸಾಲೆ ದೋಸೆ ಹೇಳಿದೆವು. ಅವಳು ದೋಸೆಯ ತುದಿಯನ್ನು ಮುರಿದು ತಟ್ಟೆಯಲ್ಲೇ ಇಟ್ಟಳು.

“ಆ ಹುಡುಗಿ ಕಿಟಕಿ ದಪ್ಪ ಆಯ್ತು ಅಲ್ವಾ?” ಎಂದಳು.

“ಜಾಸ್ತಿ ದಪ್ಪ” ಎಂದೆ.

“ಬಿಲ್ಲೆ ನಡುವಿನ ಜಾಗಾನೂ ಸಾಲದು.”

“ಸಾಲದು. ಬಿಸಿ ಆಗುತ್ತೆ.”

ಕಿಟಕಿ ದಪ್ಪವಾಗಿರಲಿಲ್ಲ, ಜಾಗವೂ ಸಾಕಷ್ಟಿತ್ತು. ಇಬ್ಬರೂ ಅದನ್ನು ಕೂಲಂಕಷವಾಗಿ ಓದಿದ್ದೆವು. ಆದರೂ ಒಂದೊಂದೇ ಭಾಗವನ್ನು ಎತ್ತಿಕೊಂಡು, ತಣ್ಣಗಾದ ದೋಸೆ ತಿನ್ನುತ್ತಾ, ಬಹಳ ಹೊತ್ತು ಬೈದೆವು. ಅಷ್ಟು ಮನಬಿಚ್ಚಿ ನಾವು ಮಾತಾಡಿ ವರ್ಷಗಳಾಗಿದ್ದವು. ಅವಳು ಇನ್ನೊಂದು ಕಾಫಿ ಕುಡಿಯೋಣವಾ ಎಂದು ಕೇಳಿದಳು. ನಾನು ಮಾಣಿಯನ್ನು ಕರೆದೆ.